ಡಿಸ್ಕಿಗೊಂದು ಮೆರವಣಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು ಗುಜರಿ ಅಲ್ಲ. ಹಳೇ ಕಂಪ್ಯೂಟರುಗಳನ್ನು ಹುಡುಕಿಕೊಂಡು ಊರೂರು ತಿರುಗಿ, ಮುಚ್ಚಿಹೋದ ಆಫೀಸು, ಬೀಗ ಜಡಿದ ಕಾರ್ಖಾನೆ, ಕಾಲೇಜಿನ ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆ ಎಲ್ಲ ಜಾಲಾಡಿ, ಇಲಿ ಹಿಕ್ಕೆ ಗುಡಿಸಿ, ಸೊಂಟ ಉಳುಕಿಸಿಕೊಂಡು ಮನೆಗೆ ತರುವ ವಸ್ತುಗಳನ್ನು ಗುಜರಿ ಅನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಿಲ್ಲಿಸದವರು ನನ್ನ ಕಡೆಯವರು ಅಂತ ಇಟ್ಟುಕೊಂಡು ಮುಂದಕ್ಕೆ ಹೋಗುತ್ತೇನೆ.

ನಮ್ಮಕ್ಕ ಆ ಕಡೆಯವಳು. ಅವಳು ಶಾಲೆಯಲ್ಲಿ ಲೆಕ್ಕದ ಟೀಚರು. ಪ್ರಪಂಚದಲ್ಲಿ ಪ್ರತಿಯೊಂದಕ್ಕೂ ಒಂದು ಸರಿಯುತ್ತರ ಇದೆ, ಅದು ತನ್ನ ಹತ್ತಿರ ಇದೆ ಅನ್ನುವುದು ಅವಳ ನಂಬಿಕೆ. ಪಕ್ಕದ ಮನೆಯವರ ಗಡಿಯಾರ, ಅಂಗಡಿಯವನು ಕೊಟ್ಟ ಚಿಲ್ಲರೆ, ರೇಡಿಯೋದವರು ಹೇಳುವ ಹವಾಮಾನ, ಎಲ್ಲವನ್ನೂ ತಿದ್ದುತ್ತಾಳೆ. ಅವಳನ್ನು ತಿದ್ದಿದವರು ಇದುವರೆಗೆ ಯಾರೂ ಇಲ್ಲ. ಅಂಥವಳ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಸಂಗ್ರಹ ಇದೆ. ಹೊಟ್ಟೆ ಉಬ್ಬಿದ ಮಾನಿಟರುಗಳು, ಒತ್ತಿದರೆ ಬೀದಿಗೆಲ್ಲ ಕೇಳುವ ಕೀಬೋರ್ಡುಗಳು, ಎರಡು ಪಕ್ಕಕ್ಕೂ ತೂತಿರುವ ಕಾಗದವನ್ನು ಮಾತ್ರ ನುಂಗುವ ಪ್ರಿಂಟರುಗಳು. ಇವೆಲ್ಲದರ ನಡುವೆ ರಾಜನ ಹಾಗೆ ಬೀರುವಿನಷ್ಟು ಎತ್ತರದ ಒಂದು ಕಂಪ್ಯೂಟರು. ಅದಕ್ಕೆ ಎಲ್ಲ ಇತ್ತು, ಡಿಸ್ಕ್ ಒಂದು ಬಿಟ್ಟು. ಡಿಸ್ಕ್ ಇಲ್ಲದ ಕಂಪ್ಯೂಟರು ಅಂದರೆ ಎಲ್ಲ ಗೊತ್ತಿದ್ದೂ ಬಾಯಿಗೆ ಬಾರದ ಮನುಷ್ಯನ ಹಾಗೆ. ದೀಪ ಹತ್ತುತ್ತದೆ, ಫ್ಯಾನು ತಿರುಗುತ್ತದೆ, ಅಷ್ಟೇ.

ಅಕ್ಕನಿಗೆ ಆ ಕೋಣೆ ಟ್ಯೂಷನ್‌ಗೆ ಬೇಕಾಗಿತ್ತು. ಶನಿವಾರ ಸಾಯಂಕಾಲ ಗುಜರಿಯವನು ಬರುತ್ತಾನೆ, ಎಲ್ಲ ತೂಕಕ್ಕೆ ಹೋಗುತ್ತದೆ ಅಂತ ಒಂದು ದಿನ ತೀರ್ಪು ಕೊಟ್ಟಳು. ನಾನು ಎದುರು ನಿಂತೆ. ಅದು ಸತ್ತಿಲ್ಲ, ಡಿಸ್ಕಿಲ್ಲದೆ ಸುಮ್ಮನಿದೆ ಅಷ್ಟೇ, ನೀನು ಮಾತಾಡದೇ ಇರುವ ಹುಡುಗರನ್ನೆಲ್ಲ ಗುಜರಿಗೆ ಹಾಕುತ್ತೀಯಾ ಅಂತ ಕೇಳಿದೆ. ಆ ಹೋಲಿಕೆ ಅವಳಿಗೆ ಹಿಡಿಸಲಿಲ್ಲ, ಆದರೆ ಅದರಲ್ಲಿ ತಪ್ಪೂ ಸಿಗಲಿಲ್ಲ.

“ಸರಿ. ಶನಿವಾರ ಕತ್ತಲಾಗೋದರೊಳಗೆ ಅದು ಮಾತಾಡ್ಲಿ. ಮಾತಾಡಿದ್ರೆ ರೂಮು ನಿಂದು. ಇಲ್ದಿದ್ರೆ ಗುಜರಿಯವನದು.”

ಇನ್ನು ನಮ್ಮ ಭಾವ. ಅವರದು ಹಾಸಿಗೆ ಅಂಗಡಿ. ಯಾರು ಏನು ಹೇಳಿದರೂ ಆಗ್ಲಿ ಅನ್ನುವುದು ಅವರ ಸ್ವಭಾವ. ಗಿರಾಕಿ ಈ ಹಾಸಿಗೆ ಗಟ್ಟಿ ಅಂದರೆ ಹೌದು ಗಟ್ಟಿ ಅನ್ನುತ್ತಾರೆ, ಅವನ ಹೆಂಡತಿ ಅದೇ ಹಾಸಿಗೆ ಮೇಲೆ ಕೂತು ಮೆತ್ತಗೆ ಅಂದರೆ ಹೌದಮ್ಮ ತುಂಬಾ ಮೆತ್ತಗೆ ಅನ್ನುತ್ತಾರೆ. ನಮ್ಮ ಬೀದಿಯವರು ಅವರನ್ನು ಬೆನ್ನ ಹಿಂದೆ ಆಗ್ಲಿಯಪ್ಪ ಅಂತಲೇ ಕರೆಯುವುದು. ಅಕ್ಕ ಗುಜರಿಯವನಿಗೆ ಹೇಳಿ ಬನ್ನಿ ಅಂದಾಗ ಆಗ್ಲಿ ಅಂತ ಹೋಗಿ ಹೇಳಿ ಬಂದರು. ದಾರಿಯಲ್ಲಿ ನಾನು ಸಿಕ್ಕಿ, ದೂರದ ಒಂದು ಮುಚ್ಚಿದ ನೂಲಿನ ಗಿರಣಿಯಲ್ಲಿ ನಮ್ಮ ಕಂಪ್ಯೂಟರಿಗೆ ಸರಿಹೋಗುವ ಡಿಸ್ಕ್ ಇದೆಯಂತೆ, ಶನಿವಾರ ಅಂಗಡಿ ವ್ಯಾನ್ ತನ್ನಿ ಅಂದೆ. ಅದಕ್ಕೂ ಆಗ್ಲಿ ಅಂದರು. ಒಬ್ಬ ಮನುಷ್ಯ ಒಂದೇ ಯುದ್ಧದಲ್ಲಿ ಎರಡು ಕಡೆಗೂ ಮದ್ದುಗುಂಡು ಸಾಗಿಸಿದ್ದು ಇದೇ ಮೊದಲಿರಬೇಕು.

ಶನಿವಾರ ಬೆಳಿಗ್ಗೆ ಗಿರಣಿ ತಲುಪಿದೆವು. ಡಿಸ್ಕ್ ಇತ್ತು. ಡಿಸ್ಕ್ ಅಂದರೆ ಈಗಿನ ಹಾಗೆ ಜೇಬಿನಲ್ಲಿ ಹಾಕಿಕೊಳ್ಳುವಂಥದ್ದಲ್ಲ, ಬಟ್ಟೆ ಒಗೆಯುವ ಮಷೀನಿನಷ್ಟು ದೊಡ್ಡದು. ಒಳಗೆ ಊಟದ ತಟ್ಟೆಯಷ್ಟಗಲದ ತಟ್ಟೆಗಳು, ಅವುಗಳ ಮೇಲೆ ಕೂದಲಿಗಿಂತ ಸಣ್ಣ ಸಂದಿಯಲ್ಲಿ ತೇಲುವ ಓದುವ ಕಡ್ಡಿಗಳು. ಸಾಗಿಸುವಾಗ ಆ ಕಡ್ಡಿಗಳು ಅಲ್ಲಾಡದ ಹಾಗೆ ಒಂದು ಬೋಲ್ಟು ಬಿಗಿಯಬೇಕು. ಆ ಬೋಲ್ಟು ಇರಲಿಲ್ಲ. ಎಲ್ಲಿ ಅಂತ ಕಾವಲುಗಾರನನ್ನು ಕೇಳಿದರೆ ಅವನು ಗಿರಣಿಯ ಗೇಟು ತೋರಿಸಿದ. ಗೇಟಿನ ಕೀಲು ಮುರಿದ ವರ್ಷ ಅದನ್ನು ಬಿಚ್ಚಿ ಅಲ್ಲಿಗೆ ಹಾಕಿದ್ದನಂತೆ. ಈಗ ತೆಗೆದರೆ ಗೇಟು ಬೀಳುತ್ತದೆ, ಗೇಟು ಬಿದ್ದರೆ ತನಗೆ ಕಾಯುವುದಕ್ಕೇ ಏನೂ ಉಳಿಯುವುದಿಲ್ಲ ಅಂದ. ಅವನ ಮಾತಿನಲ್ಲಿ ನ್ಯಾಯ ಇತ್ತು.

ನಾನು ಭಾವನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. “ಭಾವ, ವ್ಯಾನು ಒಂದೇ ಒಂದು ಗುಂಡಿಗೆ ದಡ್ ಅಂತ ಇಳಿದ್ರೂ ಸಾಕು. ಕಡ್ಡಿ ತಟ್ಟೆಗೆ ಗೀರುತ್ತೆ. ಆಮೇಲೆ ನಾವು ತಗೊಂಡು ಹೋಗೋದು ನಿಜವಾಗ್ಲೂ ಗುಜರೀನೇ.”

ಭಾವ ಡಿಸ್ಕನ್ನು ನೋಡಿದರು. ಹಾಸಿಗೆ ವ್ಯಾಪಾರದಲ್ಲಿ ಅಷ್ಟು ವರ್ಷ ಕಳೆದ ಅವರ ಜೀವನದಲ್ಲಿ ಇಷ್ಟು ನಾಜೂಕಿನ ಗಿರಾಕಿ ಬಂದಿರಲಿಲ್ಲ. ವ್ಯಾನಿನಲ್ಲಿದ್ದ ಸ್ಪ್ರಿಂಗ್ ಹಾಸಿಗೆಯನ್ನು ಇದು ಕುಣಿಸುತ್ತದೆ ಅಂತ ಪಕ್ಕಕ್ಕೆ ಸರಿಸಿದರು. ಕೆಳಗೆ ಫೋಮು, ಮೇಲೆ ಹತ್ತಿ, ನಾಲ್ಕೂ ಕಡೆ ದಿಂಬು. ಕಾವಲುಗಾರ ಒಂದು ಕಡೆ, ನಾವಿಬ್ಬರು ಇನ್ನೊಂದು ಕಡೆ ಹಿಡಿದು ಡಿಸ್ಕನ್ನು ಮಲಗಿಸದೆ ಕೂರಿಸಿದೆವು. ಹಾಸಿಗೆ ಎಲ್ಲ ತುಂಬಿಕೊಂಡಿದ್ದಕ್ಕೆ ವ್ಯಾನಿನ ಹಿಂಬಾಗಿಲು ಮುಚ್ಚಲಿಲ್ಲ. ಬಾಗಿಲು ತೆರೆದಿದ್ದರೆ ಕೆಂಪು ಬಟ್ಟೆ ಕಟ್ಟಬೇಕು ಅನ್ನುವುದು ನಿಯಮ, ಭಾವ ನಿಯಮ ಮೀರುವವರಲ್ಲ. ಒಂದು ಕೆಂಪು ದಿಂಬಿನ ಚೀಲವನ್ನು ಕೋಲಿಗೆ ಕಟ್ಟಿ ಮೇಲಕ್ಕೆ ಸಿಕ್ಕಿಸಿದರು. ಗಾಳಿಗೆ ಅದು ಚೆನ್ನಾಗಿಯೇ ಹಾರಾಡಿತು.

ಆ ರಸ್ತೆ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿನ ಗುಂಡಿಗಳಿಗೆ ಎಷ್ಟು ವಯಸ್ಸಾಗಿತ್ತೆಂದರೆ ದೊಡ್ಡ ಗುಂಡಿಗಳ ಹೊಟ್ಟೆಯೊಳಗೆ ಮರಿ ಗುಂಡಿಗಳು ಹುಟ್ಟಿ ಬೆಳೆದು ಸ್ವತಂತ್ರವಾಗಿ ಬಾಳುತ್ತಿದ್ದವು. ಸ್ವಲ್ಪ ದೂರ ಹೋಗುವುದರಲ್ಲೇ ಇದು ಕೂತು ಓಡಿಸುವ ದಾರಿಯಲ್ಲ ಅಂತ ಗೊತ್ತಾಯಿತು. ನಾನು ಇಳಿದು ವ್ಯಾನಿನ ಮುಂದೆ ನಡೆಯತೊಡಗಿದೆ. ಒಂದು ಕೈ ಮೇಲೆತ್ತಿ ಎಡಕ್ಕೆ ಅಂದರೆ ಭಾವ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ಅವರು ನನ್ನ ಕೈಯನ್ನೇ ನೋಡುತ್ತಾ ಎರಡೂ ಕೈಯಲ್ಲಿ ಸ್ಟೀರಿಂಗ್ ಅಪ್ಪಿಕೊಂಡು, ಉಸಿರಾಡುವುದನ್ನೂ ಕಡಿಮೆ ಮಾಡಿ, ನಡಿಗೆಯ ವೇಗದಲ್ಲಿ ವ್ಯಾನನ್ನು ತಂದರು.

ರಸ್ತೆ ಕಿರಿದು, ಯಾರೂ ನಮ್ಮನ್ನು ದಾಟಿ ಹೋಗುವ ಹಾಗಿರಲಿಲ್ಲ. ಹಿಂದೆ ಮೊದಲು ಒಂದು ಲಾರಿ ಬಂತು, ಹಾರ್ನ್ ಹೊಡೆಯಿತು, ಸುಮ್ಮನಾಯಿತು. ಲಾರಿ ಹಿಂದೆ ಬಸ್ಸು. ಬಸ್ಸಿನ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ವಾಹನಗಳು. ಬಸ್ಸಿನಲ್ಲಿದ್ದವರು ಸ್ವಲ್ಪ ಹೊತ್ತು ಕೂತು ನೋಡಿ, ಇದಕ್ಕಿಂತ ನಡೆದರೆ ಬೇಗ ಹೋಗಬಹುದು ಅಂತ ಇಳಿದು ನಡೆಯತೊಡಗಿದರು. ನಡೆದು ವ್ಯಾನಿನ ಹತ್ತಿರ ಬಂದವರಿಗೆ, ಒಬ್ಬ ಹುಡುಗ ಕೈಯೆತ್ತಿ ಏನೋ ಕೂಗುತ್ತಾ ಮುಂದೆ ನಡೆಯುತ್ತಿರುವುದು, ಹಿಂದೆ ಕೆಂಪು ಬಾವುಟದ ಗಾಡಿ ಬರುತ್ತಿರುವುದು ಕಾಣಿಸಿತು. ಯಾಕೆ ನಿಧಾನ ಅಂತ ಯಾರೋ ಭಾವನನ್ನು ಕೇಳಿದರು. ಗುಂಡಿ, ಗುಂಡಿ ಅಂದರು ಭಾವ, ತಲೆ ತಿರುಗಿಸದೆ.

ಅಷ್ಟೇ ಸಾಕಾಯಿತು. ಮಾತು ಸಾಲಿನಲ್ಲಿ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಬೆಳೆಯಿತು. ಗುಂಡಿಗಳ ವಿರುದ್ಧ ಯಾರೋ ಹಾಸಿಗೆ ಅಂಗಡಿಯವರು ಹೋರಾಟಕ್ಕೆ ಇಳಿದಿದ್ದಾರಂತೆ, ಇವತ್ತು ಕೆಲಸ ಆಗದಿದ್ದರೆ ರಸ್ತೆ ಮಧ್ಯದಲ್ಲೇ ಮಲಗುತ್ತಾರಂತೆ, ಅದಕ್ಕೆ ಹಾಸಿಗೆ ಸಮೇತ ಬಂದಿದ್ದಾರೆ ನೋಡಿ. ಇದನ್ನು ಕೇಳಿ ಲಾರಿಯವನು ಕ್ಲೀನರಿಗೆ ಸ್ಟೀರಿಂಗ್ ಕೊಟ್ಟು ಇಳಿದು ಬಂದು ನನ್ನ ಪಕ್ಕದಲ್ಲಿ ಹೆಜ್ಜೆ ಹಾಕಿದ. ಈ ರಸ್ತೆಗೆ ತನ್ನ ಎಷ್ಟು ಟೈರು ಬಲಿಯಾಗಿವೆ ಅಂತ ಹೇಳಿಕೊಂಡ. ನಾನು ಇದು ಹೋರಾಟ ಅಲ್ಲ, ಒಂದು ಹಳೇ ಡಿಸ್ಕ್ ಸಾಗಿಸುತ್ತಿದ್ದೇವೆ ಅಂದೆ. ಅವನು ಕಣ್ಣು ಹೊಡೆದು, ಗೊತ್ತಾಯ್ತು ಬಿಡಣ್ಣ, ಪೊಲೀಸಿನವರು ಕೇಳಿದ್ರೆ ನಾನೂ ಹಾಗೇ ಹೇಳ್ತೀನಿ ಅಂದ.

ಪೊಲೀಸಿನವರು ಕೇಳಿಯೇ ಕೇಳಿದರು. ಮುಂದಿನ ಕೂಡುರಸ್ತೆಯಲ್ಲಿದ್ದ ಪೇದೆ ಮೆರವಣಿಗೆಗೆ ಅನುಮತಿ ಎಲ್ಲಿ ಅಂದ. ಮೆರವಣಿಗೆ ಅಲ್ಲ ಅಂದೆ. ಅವನು ನನ್ನ ಹಿಂದೆ ನೋಡಿದ. ನಾನೂ ತಿರುಗಿ ನೋಡಿದೆ. ರಸ್ತೆ ತುಂಬ ಜನ, ಬಾವುಟ, ಯಾರೋ ಘೋಷಣೆ ಬೇರೆ ಶುರು ಮಾಡಿದ್ದರು. ನೋಡಿದ ಮೇಲೆ ನನಗೂ ಅದು ಮೆರವಣಿಗೆ ಅನ್ನಿಸಿತು. ನಾಯಕರು ಯಾರು ಅಂತ ಪೇದೆ ಕೇಳಿದ್ದಕ್ಕೆ ಎಲ್ಲರೂ ಭಾವನ ಕಡೆ ಬೆರಳು ಮಾಡಿದರು. ನೀವೇನಾ ನಾಯಕರು ಅಂತ ಅವನು ಕಿಟಕಿಯಲ್ಲಿ ಬಗ್ಗಿ ಕೇಳಿದ. ಭಾವ ಎಂದಿನ ಹಾಗೆ ಆಗ್ಲಿ ಅಂದರು.

ಪೇದೆ ಸುದ್ದಿ ಮುಟ್ಟಿಸಿದ್ದಕ್ಕೆ ರಸ್ತೆ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಚಳವಳಿಗಾರರನ್ನು ನಿಭಾಯಿಸುವುದು ಹೇಗೆ ಅಂತ ಅವರಿಗೆ ಇಲಾಖೆಯಿಂದ ತರಬೇತಿ ಆಗಿತ್ತಂತೆ. ಮುಖದ ಮೇಲೆ ನಗು ತಂದುಕೊಂಡು, ನಾಯಕರ ಕೈ ಹಿಡಿದುಕೊಂಡು ಮಾತಾಡಬೇಕು ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಭಾವ ಸ್ಟೀರಿಂಗ್ ಬಿಡಲಿಲ್ಲವಾದ್ದರಿಂದ ಸಾಹೇಬರು ಸ್ಟೀರಿಂಗನ್ನೇ ಹಿಡಿದುಕೊಂಡರು.

“ಯಜಮಾನ್ರೇ, ನಿಮ್ಮ ಬೇಡಿಕೆ ಏನು ಅಂತ ಹೇಳಿ.”

“ನಮ್ಮದೇನೂ ಬೇಡಿಕೆ ಇಲ್ಲ ಸಾರ್. ನಮ್ಮ ಪಾಡಿಗೆ ನಾವು ಹೋಗ್ತಾ ಇದೀವಿ.”

ಸಾಹೇಬರ ಮುಖದ ನಗು ಸ್ವಲ್ಪ ಜಾರಿತು. ಬೇಡಿಕೆ ಇರುವ ಹೋರಾಟಗಾರನನ್ನು ನಿಭಾಯಿಸುವುದು ಅವರಿಗೆ ಗೊತ್ತಿತ್ತು. ಬೇಡಿಕೆಯೇ ಇಲ್ಲದವನ ಬಗ್ಗೆ ತರಬೇತಿಯಲ್ಲಿ ಏನೂ ಹೇಳಿರಲಿಲ್ಲ.

“ಆಯ್ತು, ಈ ಮುಂದಿರೋ ಗುಂಡಿ ಈಗಲೇ ಮುಚ್ಚಿಸ್ತೀನಿ. ಆಗ ಸರಿ ತಾನೆ?”

ಭಾವನಿಗೆ ಮನಸ್ಸಿನಲ್ಲಿದ್ದದ್ದು ಡಿಸ್ಕ್ ಒಂದೇ. ತುಂಬಾ ಪ್ರಾಮಾಣಿಕವಾಗಿ ಕೇಳಿದರು, “ಮುಂದಿನ ಗುಂಡಿ ಸಾರ್?”

ಜನ ಹೋ ಅಂದರು.

“ಅದನ್ನೂ ಮುಚ್ಚಿಸ್ತೀನಿ.”

“ಅದರ ಮುಂದಿಂದು?”

ಇಂಥ ಹಟವಾದಿಯನ್ನು ತನ್ನ ಸರ್ವಿಸಿನಲ್ಲೇ ನೋಡಿಲ್ಲ ಅಂತ ಸಾಹೇಬರು ಪೇದೆಯ ಹತ್ತಿರ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಎಲ್ಲೀ ತನಕ ಹೋಗ್ತೀರಿ ಅಂತ ಕೊನೆಗೆ ಕೇಳಿದರು. ಮನೆ ತನಕ ಅಂದರು ಭಾವ. ಸಾಹೇಬರು ಬಿಳಿಚಿಕೊಂಡರು. ಮಂತ್ರಿಗಳ ಮನೆ ಇದ್ದದ್ದೂ ಅದೇ ರಸ್ತೆಯಲ್ಲಿ. ತಕ್ಷಣ ಫೋನು ತೆಗೆದು ಎಲ್ಲೋ ಕೆಲಸ ಮಾಡುತ್ತಿದ್ದ ಜಲ್ಲಿ ಲಾರಿಯನ್ನೂ ರೋಡ್ ರೋಲರನ್ನೂ ಇಲ್ಲಿಗೆ ಬಿಡಿ ಅಂದರು.

ನಾನು ಇಲ್ಲಿ ಸತ್ಯ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿಯಾಗಿತ್ತು, ಯಾರೂ ನಂಬಿರಲಿಲ್ಲ, ಮತ್ತೆ ಮತ್ತೆ ಹೇಳಲು ಅದೇನು ಮಗ್ಗಿಯೇ? ಅದರ ಬದಲು ಸಾಹೇಬರ ಹತ್ತಿರ ಹೋಗಿ, ನಾಯಕರ ಪರವಾಗಿ ಒಂದು ಸ್ಪಷ್ಟನೆ ಕೊಡುತ್ತೇನೆ, ರೋಲರ್ ವ್ಯಾನಿನಿಂದ ಸ್ವಲ್ಪ ದೂರ ಮುಂದೆಯೇ ಇರಬೇಕು, ಅದರ ನಡುಕ ನಮಗೆ ತಾಗಬಾರದು ಅಂದೆ. ಅವರು ಒಪ್ಪಿದರು.

ಹೀಗೆ ಮುಂದೆ ಜಲ್ಲಿ ಲಾರಿ, ಅದರ ಹಿಂದೆ ರೋಲರು, ಅದರ ಹಿಂದೆ ಕೈ ಎತ್ತುವ ಕೆಲಸವಿಲ್ಲದೆ ಸುಮ್ಮನೆ ನಡೆಯುವ ನಾನು, ನನ್ನ ಹಿಂದೆ ಹೊಚ್ಚ ಹೊಸ ರಸ್ತೆಯ ಮೇಲೆ ತೇಲಿಕೊಂಡು ಬರುವ ವ್ಯಾನು. ಪ್ರಪಂಚದ ಯಾವ ಡಿಸ್ಕಿಗೂ ಇಂಥ ಪ್ರಯಾಣ ಸಿಕ್ಕಿರಲಾರದು. ಮಂತ್ರಿಗಳ ಮನೆ ಬಂತು, ಸಾಹೇಬರು ಕಣ್ಣು ಮುಚ್ಚಿಕೊಂಡರು, ವ್ಯಾನು ನಿಲ್ಲದೆ ಮುಂದೆ ಹೋಯಿತು. ಆಗ ಅವರಿಗೆ ಭಾವನ ಮೇಲೆ ಹುಟ್ಟಿದ ಗೌರವ ಕಣ್ಣಲ್ಲೇ ಕಾಣುತ್ತಿತ್ತು. ಅಂಗಡಿಗಳವರು ಹೊರಗೆ ಬಂದು ಭಾವನಿಗೆ ಕೈ ಬೀಸಿದರು. ಭಾವ ಮೊದಮೊದಲು ನಾಚಿಕೊಂಡರು. ಆಮೇಲೆ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದರು. ನಮ್ಮ ಬೀದಿ ಹತ್ತಿರ ಬರುವ ಹೊತ್ತಿಗೆ ಇಡೀ ಕೈ ಬೀಸುತ್ತಿದ್ದರು.

ಗೇಟಿನಲ್ಲಿ ಅಕ್ಕ ನಿಂತಿದ್ದಳು. ಪಕ್ಕದಲ್ಲಿ ಗುಜರಿಯವನು, ಅವನ ಪಕ್ಕದಲ್ಲಿ ಅವನ ತಕ್ಕಡಿ. ಜಲ್ಲಿ ಲಾರಿ ನಿಂತಿತು. ರೋಲರು ನಿಂತಿತು. ಘೋಷಣೆ ಕೂಗುತ್ತಿದ್ದವರೂ ಅವಳ ಮುಖ ನೋಡಿ ನಿಲ್ಲಿಸಿದರು.

“ಏನ್ರೀ ಇದು?”

“ಡಿಸ್ಕು” ಅಂದರು ಭಾವ.

“ರೋಲರ್ ಯಾಕೆ ಬಂತು?”

“ಅದು ನಮ್ಮ ಮುಂದಿತ್ತು.”

“ಇಷ್ಟು ಜನ?”

“ಅವರು ಹಿಂದಿದ್ರು.”

ಉತ್ತರಗಳಲ್ಲಿ ಯಾವುದೂ ತಪ್ಪಿರಲಿಲ್ಲ. ಅಕ್ಕ ವ್ಯಾನಿನ ಕಡೆ ಕೈ ತೋರಿಸಿ, ಅದನ್ನು ಒಳಗೆ ತರುವ ಶ್ರಮ ಬೇಡ, ಹಾಗೇ ತಕ್ಕಡಿ ಮೇಲಿಡಿ ಅಂದಳು. ಗುಜರಿಯವನು ತಕ್ಕಡಿ ಸರಿ ಮಾಡಿದ. ಲಾರಿಯವನು, ಪೇದೆ, ಸಾಹೇಬರು, ಬಸ್ಸಿನವರು ಎಲ್ಲರೂ ಭಾವನ ಮುಖ ನೋಡಿದರು. ಭಾವ ವ್ಯಾನಿನಿಂದ ಇಳಿದರು. ಬಾಯಿ ತೆರೆದರು. ಅಲ್ಲಿದ್ದ ನೆರೆಹೊರೆಯವರೆಲ್ಲ ಆ ಬಾಯಿಂದ ಬರುವ ಮಾತು ಯಾವುದು ಅಂತ ಮೊದಲೇ ಗೊತ್ತಿದ್ದವರ ಹಾಗೆ ನಿಂತಿದ್ದರು.

“ಆಗಲ್ಲ” ಅಂದರು ಭಾವ.

ಅಕ್ಕ ಶಾಲೆಯಲ್ಲಿ ಮಾಡುವ ಹಾಗೆಯೇ ಮಾಡಿದಳು. “ಏನಂದ್ರಿ? ಇನ್ನೊಂದ್ಸಲ ಹೇಳಿ.” ಅವಳು ಹೀಗೆ ಕೇಳಿದರೆ ಎಂಥ ಜಾಣ ವಿದ್ಯಾರ್ಥಿಯೂ ಉತ್ತರ ಬದಲಾಯಿಸುತ್ತಾನೆ.

“ಆಗಲ್ಲ ಅಂದೆ. ಇಡೀ ದಾರಿ ಇದಕ್ಕೆ ಒಂದು ಪೆಟ್ಟು ಬೀಳದ ಹಾಗೆ ತಂದಿದೀನಿ. ತಕ್ಕಡೀಗೆ ಹಾಕೋಕಲ್ಲ.”

ಚಪ್ಪಾಳೆ ಬಿತ್ತು. ಸಾಹೇಬರಿಗೆ ಈಗ ಎಲ್ಲ ಅರ್ಥವಾಯಿತು, ಅಂದರೆ ಅರ್ಥವಾಯಿತು ಅಂತ ಅವರು ತಿಳಿದುಕೊಂಡರು. ಹೋರಾಟದ ಕೊನೆಯ ಅಡ್ಡಿ ಈ ಹೆಂಗಸು. ಮುಂದೆ ಬಂದು, ಮುಖಕ್ಕೆ ನಗು ತಂದುಕೊಂಡು, ನಾವು ದಾರಿಯುದ್ದಕ್ಕೂ ಇವರು ಕೇಳಿದ್ದೆಲ್ಲ ಮಾಡಿಕೊಟ್ಟಿದ್ದೇವೆ, ನೀವೂ ಸ್ವಲ್ಪ ಸಹಕರಿಸಬೇಕು ಅಂದರು. ನೀವ್ಯಾರು ಅಂದಳು ಅಕ್ಕ. ರಸ್ತೆ ಇಲಾಖೆ ಅಂದರು.

“ರಸ್ತೆ ಗೇಟಿನ ತನಕ. ಗೇಟಿಂದ ಈಚೆ ನನ್ನ ಇಲಾಖೆ.”

ಸಾಹೇಬರು ಹಿಂದಕ್ಕೆ ಸರಿದು ಗೇಟಿನ ಗೆರೆಯನ್ನು ನೋಡಿಕೊಂಡು ನಿಂತರು. ಇನ್ನು ನಾನೇ ಮಾತಾಡಬೇಕಿತ್ತು. ಅಕ್ಕ, ನೀನು ಕತ್ತಲಾಗುವುದರೊಳಗೆ ಅಂದಿದ್ದೆ, ಇನ್ನೂ ಬೆಳಕಿದೆ, ಪರೀಕ್ಷೆ ಮುಗಿಯುವ ಮೊದಲೇ ಪೇಪರ್ ಕಿತ್ತುಕೊಳ್ಳುತ್ತೀಯಾ ಅಂತ ಕೇಳಿದೆ. ಅಕ್ಕನಲ್ಲಿ ಏನು ದೋಷವಿದ್ದರೂ ಪರೀಕ್ಷೆ ವಿಷಯದಲ್ಲಿ ಅನ್ಯಾಯ ಮಾಡುವವಳಲ್ಲ. ಆಕಾಶ ನೋಡಿದಳು. ಗೇಟು ಬಿಟ್ಟು ಪಕ್ಕಕ್ಕೆ ನಿಂತಳು.

ಡಿಸ್ಕನ್ನು ಲಾರಿಯವನು, ಪೇದೆ, ಭಾವ, ನಾನು ಹೊತ್ತೆವು. ಒಳಗೆ ತಂದು ಕಂಪ್ಯೂಟರಿನ ಪಕ್ಕ ಇಟ್ಟು, ಕೇಬಲ್ಲು ಸಿಕ್ಕಿಸಿ, ಧೂಳು ಊದಿ, ಸ್ವಿಚ್ ಒತ್ತಿದೆ. ಮೊದಲು ಏನೂ ಇಲ್ಲ. ಗುಜರಿಯವನು ಕಿಟಕಿಯಲ್ಲಿ ನಕ್ಕ. ಆಮೇಲೆ ಒಳಗೆಲ್ಲೋ ಒಂದು ಗುಂಯ್ ಶುರುವಾಗಿ, ಏರುತ್ತಾ ಏರುತ್ತಾ ಕಿಟಕಿ ಸರಳುಗಳೂ ಅದಕ್ಕೆ ಶ್ರುತಿ ಸೇರಿಸಿದವು. ಟಕ್ ಅಂತ ಒಂದು ಸದ್ದು. ಅಂದರೆ ಕಡ್ಡಿಗಳು ತಟ್ಟೆಯ ಮೇಲೆ ಬಂದವು, ಗೀರಲಿಲ್ಲ, ತೇಲಿದವು. ನನಗೆ ಅಳು ಬಂತು, ಅದನ್ನು ಬಿಡಿ. ಪ್ರಿಂಟರು ತಾನಾಗಿಯೇ ಕಾಗದ ಎಳೆದುಕೊಂಡು ಕಟಕಟ ಅಂತ ಒಂದು ಸಾಲು ಹೊಡೆಯಿತು. ನಾನು ಗಟ್ಟಿಯಾಗಿ ಓದಿದೆ, ಇವತ್ತಿನ ತಾರೀಖು ಹೇಳಿ ಅಂತ ಕೇಳುತ್ತಿದೆ ಅಂದೆ. ಕಿಟಕಿಯಲ್ಲಿ ತುಂಬಿಕೊಂಡಿದ್ದ ಜನ ಕುಣಿದಾಡಿದರು.

“ಪ್ರಶ್ನೆ ಕೇಳೋದು ಮಾತಲ್ಲ” ಅಂದಳು ಅಕ್ಕ. “ಮುಂದಕ್ಕೆ ಹೋಗ್ಲಿ. ಏನಾದ್ರೂ ಕೆಲಸ ಮಾಡಿ ತೋರಿಸ್ಲಿ.”

ಮೊದಲ ಉತ್ತರ ಕೊಡುವ ಗೌರವ ಭಾವನಿಗೇ ಸಲ್ಲಬೇಕು ಅಂತ ಅವರನ್ನು ಕೀಬೋರ್ಡಿನ ಮುಂದೆ ಕೂರಿಸಿದೆ. ಇಡೀ ದಿನದ ಗಡಿಬಿಡಿಯಲ್ಲಿ ಅವರ ತಲೆಯಲ್ಲಿ ತಾರೀಖು ಎಲ್ಲಿ ಉಳಿದಿರುತ್ತದೆ. ನಿನ್ನೆಯದನ್ನು ಒತ್ತತೊಡಗಿದರು.

ಅಕ್ಕನಿಗೆ ತಡೆಯಲಾಗಲಿಲ್ಲ. ತಪ್ಪು ಕಣ್ಣೆದುರೇ ನಡೆಯುತ್ತಿದ್ದರೆ ಸುಮ್ಮನಿರುವುದು ಅವಳ ಜಾತಕದಲ್ಲೇ ಇಲ್ಲ. ಏಳಿ ಆಚೆ ಅಂತ ಭಾವನನ್ನು ಎಬ್ಬಿಸಿ ತಾನು ಕೂತಳು. ಇವತ್ತಿನ ತಾರೀಖನ್ನು, ತಿಂಗಳನ್ನು, ವರ್ಷವನ್ನು ಒಂದೊಂದೇ ಅಕ್ಷರ ಸರಿಯಾಗಿ ಒತ್ತಿ, ಕೈ ಕಟ್ಟಿಕೊಂಡಳು. ಪ್ರಿಂಟರು ಕಟಕಟ ಅಂದಿತು.

“ಏನಂತೆ?”

ನಾನು ಕಾಗದ ನೋಡಿದೆ. ಹೇಳುವುದಕ್ಕೆ ಸ್ವಲ್ಪ ಕಷ್ಟವಾಯಿತು. “ತಾರೀಖು ತಪ್ಪಂತೆ ಅಕ್ಕ. ಸರಿಯಾಗಿ ಹೇಳಿ ಅಂತಿದೆ.”

ಅಕ್ಕ ಗೋಡೆಯ ಕ್ಯಾಲೆಂಡರು ನೋಡಿದಳು, ಕಿಟಕಿಯಲ್ಲಿದ್ದ ಸಾಹೇಬರನ್ನು ಕೇಳಿದಳು, ಪೇದೆಯನ್ನು ಕೇಳಿದಳು. ಅವರಿಬ್ಬರೂ ಅವಳು ಹೇಳಿದ ತಾರೀಖೇ ಸರಿ ಅಂತ ಸಾಕ್ಷಿ ನುಡಿದರು. ಮತ್ತೆ ಒತ್ತಿದಳು. ಮತ್ತೆ ತಪ್ಪು ಅಂತು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಇನ್ನೂ ಜೋರಾಗಿ ಒತ್ತಿದಳು, ದಡ್ಡ ಹುಡುಗನಿಗೆ ಬಿಡಿಸಿ ಹೇಳುವ ಹಾಗೆ. ಪ್ರಿಂಟರು ಅದೇ ಸಾಲನ್ನು ಅಷ್ಟೇ ತಾಳ್ಮೆಯಿಂದ ಹೊಡೆಯಿತು.

ಹೊರಗೆ ಬೆಳಕು ಮಸುಕಾಯಿತು. ಸಾಹೇಬರು ರೋಲರ್ ಕರೆದುಕೊಂಡು ಹೊರಟರು. ಬಸ್ಸಿನವರು ಬಸ್ಸಿಗೆ, ಲಾರಿಯವನು ಲಾರಿಗೆ ಹೋದರು. ಗುಜರಿಯವನು ಮಾತ್ರ ಬಾಗಿಲಲ್ಲಿ ನಿಂತು ಕೆಮ್ಮಿದ. ಅಮ್ಮಾ, ಕತ್ತಲಾಯ್ತು, ತೂಕಕ್ಕೆ ಹಾಕ್ಲಾ ಅಂದ.

ಅಕ್ಕ ತಿರುಗಿ ನೋಡಲಿಲ್ಲ. “ಇದು ನನ್ನ ಉತ್ತರ ತಪ್ಪು ಅಂದಿದೆ. ಸರಿ ಅಂತ ಒಪ್ಕೊಳ್ಳೋ ತನಕ ಈ ರೂಮಿಂದ ಒಂದು ಸ್ಕ್ರೂ ಕೂಡ ಆಚೆ ಹೋಗಲ್ಲ. ನೀನು ಹೋಗಪ್ಪ.”

ಅವನು ತಕ್ಕಡಿ ಎತ್ತಿಕೊಂಡು ಹೋದ. ಅವಳು ಮತ್ತೆ ಮೊದಲಿಂದ ಶುರು ಮಾಡಿದಳು. ಈಗ ದಿನಾ ಶಾಲೆಯಿಂದ ಬಂದವಳೇ ನೇರವಾಗಿ ಆ ಕೋಣೆಗೇ ಹೋಗುತ್ತಾಳೆ, ಟ್ಯೂಷನ್ ಮಾತು ಎತ್ತಿಲ್ಲ.

ಆ ಕಂಪ್ಯೂಟರು ಮಾಡಿದವರು ಅದು ಇಷ್ಟು ವರ್ಷ ಬಾಳುತ್ತದೆ ಅಂತ ಅಂದುಕೊಂಡಿರಲೇ ಇಲ್ಲ. ಈಗಿನ ವರ್ಷ ಅನ್ನುವುದು ಅದರ ಪಾಲಿಗೆ ಇಲ್ಲವೇ ಇಲ್ಲ. ಅದು ಹೊಸದಾಗಿದ್ದ ಕಾಲದ ಯಾವುದಾದರೂ ವರ್ಷ ಕೊಟ್ಟರೆ ಮರುಮಾತಿಲ್ಲದೆ ಒಪ್ಪಿಕೊಂಡು ಕೆಲಸ ಶುರು ಮಾಡುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಕೇಳಿದರೆ ಹೇಳದೆ ಇರುವವನಲ್ಲ ನಾನು. ಆದರೆ ಅಕ್ಕ ಯಾರನ್ನೂ ಕೇಳುವವಳಲ್ಲ.